ಪಿಸ್ತೂಲಿಗೆ ದುಡ್ಡು ಸುರಿದು ಮ್ಯಾಗಜೀನ್‌ನಲ್ಲಿ ಜಿಪುಣತನ

ಹೋದ ತಿಂಗಳು ಕಾಕಾ ಫೋನ್ ಮಾಡಿ, "ತಮ್ಮಾ, ಪಿಸ್ತೂಲು ಕೆಟ್ಟದ. ಬಂದು ನೋಡು" ಅಂದರು. ಕಲಬುರಗಿ ಗಂಜ್‌ನಲ್ಲಿ ಅವರದು ತೊಗರಿ ವ್ಯಾಪಾರ. ನಗದು ಹಿಡಿದು ಓಡಾಡುವವರು, ಹಾಗಾಗಿ 32 ಬೋರ್ ಪಿಸ್ತೂಲಿಗೆ ಲೈಸೆನ್ಸ್ ಇದೆ. ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ರಿಪೇರಿಯೇ ನನ್ನ ಕೆಲಸವಾಗಿತ್ತು.

ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಮೂರನೇ ಗುಂಡಿಗೇ ಸಿಕ್ಕಿಕೊಂಡಿತಂತೆ. ನಾನು ಕೇಳಿದ್ದು ಒಂದೇ: "ಮ್ಯಾಗಜೀನ್ ಯಾವುದು ಕಾಕಾ?" ಮ್ಯಾಗಜೀನ್ ಅಂದರೆ ಗುಂಡು ತುಂಬಿ ಪಿಸ್ತೂಲಿನೊಳಗೆ ತೂರಿಸುವ ಡಬ್ಬಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೇರೆ ಊರಿನ ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಕ್ಕಿದ್ದು. ಕಂಪನಿಯದ್ದಲ್ಲ, ಬೇರೆ ಯಾರೋ ಮಾಡಿದ್ದು.

ಗಾದಿ ಮೇಲೆ ಕಂಪನಿಯದ್ದು, ಈ ಹೊಸದು, ಎರಡೂ ಮ್ಯಾಗಜೀನ್ ಪಕ್ಕಪಕ್ಕ ಇಟ್ಟೆವು. ನೋಡೋಕೆ ಅವಳಿ ಜವಳಿ. ಒಂದು ತಗಡಿನ ಡಬ್ಬಿ, ಒಳಗೊಂದು ಸ್ಪ್ರಿಂಗ್, ಗುಂಡನ್ನು ಮೇಲೆ ತಳ್ಳುವ ಸಣ್ಣ ಪಟ್ಟಿ, ಬಾಯಿಯಲ್ಲಿ ಗುಂಡು ಹಿಡಿದಿಡಲು ಒಳಗೆ ಬಾಗಿದ ಎರಡು ತುಟಿ. ಇಷ್ಟೇ. ಆದರೆ ಹೊಸದರ ಒಂದು ತುಟಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ತೆರೆದಿತ್ತು. ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಮೂಗು ಕೆಳಗೆ ಮಾಡಿಕೊಂಡು ಓರೆಯಾಗುತ್ತಿತ್ತು.

ಇದಕ್ಕಿಂತ ದೊಡ್ಡ ತೊಂದರೆ ಡಬ್ಬಿಯ ಒಳಗಿನ ಉದ್ದದ್ದು. 32ರ ಗುಂಡಿನ ಹಿಂಬದಿಯಲ್ಲಿ ಸಣ್ಣ ಅಂಚು ಹೊರಗೆ ಚಾಚಿರುತ್ತದೆ. ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಡಬ್ಬಿ ಒಳಗೆ ಸ್ವಲ್ಪ ಸಡಿಲ ಇದ್ದರೆ ಗುಂಡುಗಳು ಹಿಂದೆ ಮುಂದೆ ಜಾರಾಡಿ ಮೇಲಿನದು ಹಿಂದೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಎಷ್ಟು ತಳ್ಳಿದರೂ ಗುಂಡು ಮುಂದೆ ಹೋಗಲ್ಲ. ಜೇಬಿನಲ್ಲಿಟ್ಟು ಬೈಕ್ ಮೇಲೆ ನಾಲ್ಕು ರಸ್ತೆಗುಂಡಿ ದಾಟಿದರೆ ಸಾಕು, ಹೀಗಾಗುತ್ತದೆ. (ನಮ್ಮ ಕಲಬುರಗಿ ಕೋಟೆ ಮೇಲಿನ ಬಾರಾ ಗಜಿ ತೋಪಿಗೆ ಈ ಕಾಟ ಇರಲಿಲ್ಲ ಬಿಡಿ.)

ಅಗ್ಗದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಇಟಲಿಯ ಮೆಕ್-ಗಾರ್ ಪಿಸ್ತೂಲು ಮಾಡಲ್ಲ, ಆದರೂ ದೊಡ್ಡ ದೊಡ್ಡ ಪಿಸ್ತೂಲು ಕಂಪನಿಗಳಿಗೇ ಮ್ಯಾಗಜೀನ್ ಮಾಡಿಕೊಡುತ್ತದೆ. ದುಬಾರಿಯದ್ದೆಲ್ಲ, ಸರ್ಕಾರದ್ದೆಲ್ಲ ಗಟ್ಟಿ ಅಂತಾನೂ ಅಲ್ಲ. 1999ರಲ್ಲಿ ಕಾರ್ಗಿಲ್ ಚಳಿಗೆ ನಮ್ಮ ಸೈನ್ಯದ ಇನ್ಸಾಸ್ ರೈಫಲ್‌ನ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಟ್ಟಿದ್ದು ಎಲ್ಲರಿಗೂ ಗೊತ್ತು.

ನನ್ನ ತಕರಾರು ಬೇರೆ. ಅಮೆರಿಕದವರು ಅಗ್ಗದ ಮ್ಯಾಗಜೀನ್ ನಾಲ್ಕು ತಂದು, ನೂರಿನ್ನೂರು ಗುಂಡು ಹಾರಿಸಿ, ಸರಿಯಿರೋದನ್ನ ಇಟ್ಟುಕೊಂಡು ಉಳಿದದ್ದನ್ನ ಪ್ರಾಕ್ಟೀಸಿಗೆ ಹಾಕುತ್ತಾರೆ. ಅವರಿಗೆ ಅದು ಸರಿ. ನಮ್ಮಲ್ಲಿ ವರ್ಷಕ್ಕೆ ಇಷ್ಟೇ ಗುಂಡು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಗುಂಡಿನ ರೇಟೂ ಕಡಿಮೆ ಇಲ್ಲ. ಮ್ಯಾಗಜೀನ್‌ನಲ್ಲಿ ಉಳಿಸಿದ ದುಡ್ಡು ಅದನ್ನು ಪರೀಕ್ಷೆ ಮಾಡೋದರಲ್ಲೇ ಹೋಗುತ್ತದೆ. ಅದಕ್ಕೇ ಯಾರೂ ಪರೀಕ್ಷೆ ಮಾಡಲ್ಲ. ಮನೆಯಲ್ಲಿ ಎರಡು ಸಲ ತುಂಬಿ ಖಾಲಿ ಮಾಡಿ, "ಮಸ್ತ್ ಅದ" ಅಂತ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಕಾಕಾ ರೇಂಜಿಗಾದರೂ ಹೋದರು, ಪುಣ್ಯ.

ಬೇಡವಾದರೆ ಎಸೆದುಬಿಡೋಣ ಅಂದರೆ ಅದೂ ಆಗಲ್ಲ. 1959ರ ಆರ್ಮ್ಸ್ ಆಕ್ಟ್ ಪ್ರಕಾರ ಬಿಡಿಭಾಗವೂ ಆಯುಧವೇ. ಗುಜರಿಗೆ ಹಾಕುವ ಹಾಗಿಲ್ಲ, ಇನ್ನೊಬ್ಬರಿಗೆ ಸುಮ್ನೆ ಕೊಡುವ ಹಾಗೂ ಇಲ್ಲ.

"ಹಂಗಾದ್ರ ಎಲೆಕ್ಷನ್ ಬಂದಾಗ ಪಿಸ್ತೂಲಿನ ಜೋಡಿ ಇದನ್ನೂ ಠಾಣೆಗೆ ಒಯ್ದು ಇಡಬೇಕೇನು?" ಅಂತ ಕೇಳಿದರು ಕಾಕಾ.

"ಮತ್ತ?" ಅಂದೆ.

ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. "ಭಾರಿ ಅದ ಬಿಡಪ್ಪ. ಲೆಕ್ಕಕ್ಕುಂಟು, ಆಟಕ್ಕಿಲ್ಲ."