ಓಟಿಪಿ ಯಾರ ಮೊಬೈಲಿಗೆ ಬರುತ್ತದೆ?

ಚಿಕ್ಕಮಗಳೂರು ಮತ್ತು ಸುತ್ತಲಿನ ತಾಲ್ಲೂಕುಗಳ ಅಂಗಡಿ, ಕಾಫಿ ತೋಟ, ಹೋಮ್‌ಸ್ಟೇಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ವೃತ್ತಿ. ಹೊಸಬರು ಯಾರಾದರೂ ಕೆಲಸ ವಹಿಸಲು ಬಂದರೆ ನಾನು ಮೊದಲು ಕೇಳುವುದು ಅವರ ಜಿಎಸ್‌ಟಿ ಖಾತೆಯ ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು. "ಹಳೇ ಆಡಿಟರ್ ಆಫೀಸಿನ ಹುಡುಗನಿಗೆ" ಎನ್ನುವವರಿದ್ದಾರೆ, "ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಮ್ಯಾನೇಜರ್ ನಂಬರ್ ಇರ್ಬೇಕು" ಎನ್ನುವವರಿದ್ದಾರೆ, "ಅದೆಲ್ಲ ನಮಗೆ ಗೊತ್ತಾಗಲ್ಲ ಸಾರ್, ಅವರೇ ನೋಡ್ಕೋತಿದ್ರು" ಎಂದು ನಿರಾಳವಾಗಿ ನಗುವವರೂ ಇದ್ದಾರೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗಿನ ಗಡಿಬಿಡಿಯಲ್ಲಿ ಯಾರ ಫೋನು ಕೈಗೆ ಸಿಕ್ಕಿತೋ ಅದರ ನಂಬರನ್ನೇ ಕೊಟ್ಟು ನೋಂದಣಿ ಮುಗಿಸಿದ್ದು ಅರ್ಥವಾಗುತ್ತದೆ. ಇಷ್ಟು ವರ್ಷ ಕಳೆದರೂ ಅದನ್ನು ಬದಲಿಸಿಕೊಳ್ಳದೆ ಉಳಿದಿರುವುದು ಮಾತ್ರ ಅರ್ಥವಾಗುವುದಿಲ್ಲ. ಗೋದಾಮಿನ ಬೀಗದ ಕೈಯನ್ನು ಹೀಗೆ ಹೊರಗಿನವರ ಬಳಿ ಬಿಟ್ಟು ನಿದ್ದೆ ಮಾಡುವ ವ್ಯಾಪಾರಿಯನ್ನು ನಾನು ಕಂಡಿಲ್ಲ.

ಆ ಮೊಬೈಲ್ ನಂಬರು ಮತ್ತು ಇಮೇಲ್ ಎರಡೂ ಕೈತಪ್ಪಿದರೆ ಪಾಸ್‌ವರ್ಡ್ ಬದಲಿಸುವ ದಾರಿಯೂ ಮುಚ್ಚುತ್ತದೆ. ಆಗ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ದಾಖಲೆಗಳ ಸಮೇತ ಹೋಗಿ, ವ್ಯಾಪಾರ ತಮ್ಮದೇ ಎಂದು ತೋರಿಸಿ, ಅವರು ಪರಿಶೀಲಿಸಿ ಹೊಸ ನಂಬರನ್ನೂ ಇಮೇಲನ್ನೂ ದಾಖಲಿಸಿದ ಮೇಲಷ್ಟೇ ಖಾತೆ ಮರಳಿ ಕೈಗೆ ಬರುತ್ತದೆ. ಅಷ್ಟರಲ್ಲಿ ರಿಟರ್ನ್ ಸಲ್ಲಿಸುವ ಗಡುವು ಮೀರಿ ವಿಳಂಬ ಶುಲ್ಕ ಏರುತ್ತಿರುತ್ತದೆ, ಪೋರ್ಟಲ್ಲಿಗೆ ಬಂದ ನೋಟಿಸು ಯಾರೂ ಓದದೆ ಹಾಗೆಯೇ ಬಿದ್ದಿರುತ್ತದೆ.

ನಮ್ಮ ಜಿಲ್ಲೆಯ ವ್ಯಾಪಾರಗಳಲ್ಲಿ ತಂತ್ರಜ್ಞಾನಕ್ಕೆ ಬರವಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದೆ, ಬಿಲ್ಲಿಂಗ್ ಯಂತ್ರ ಇದೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಯುಪಿಐ ಸ್ಪೀಕರ್ ಕೂಗುತ್ತಿರುತ್ತದೆ, ಸಿಸಿಟಿವಿಯಂತೂ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಆದರೆ ಇವುಗಳೊಳಗೆ ದಿನವೂ ಸೇರುತ್ತಿರುವ ಮಾಹಿತಿ ಯಾರದು, ಅದು ಸರಿಯಿದೆಯೆಂದು ನೋಡುವವರು ಯಾರು, ಅದು ಕಳೆದರೆ ಉತ್ತರ ಹೇಳಬೇಕಾದವರು ಯಾರು ಎಂಬುದನ್ನು ಯಜಮಾನರು ಎಲ್ಲಿಯೂ ಗೊತ್ತುಮಾಡಿರುವುದಿಲ್ಲ. ಕಂಪ್ಯೂಟರಿನ ವಿಷಯ ಕಂಪ್ಯೂಟರ್ ಹುಡುಗನಿಗೆ ಸೇರಿದ್ದು ಎಂಬ ಭಾವನೆ ಬಲವಾಗಿ ಬೇರೂರಿದೆ. ನನ್ನ ಅಭಿಪ್ರಾಯದಲ್ಲಿ ಇದು ಯಜಮಾನರದೇ ಕೆಲಸ, ಮತ್ತು ಬೇರೆಯವರಿಗೆ ವಹಿಸಿಬಿಡಲು ಬರುವ ಕೆಲಸವೂ ಅಲ್ಲ.

ಕಾಫಿ ಖರೀದಿಯ ಲೆಕ್ಕವನ್ನೇ ನೋಡಿ. ಬೆಳೆಗಾರರು ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ತಂದಾಗ ಮೊದಲು ವೇಬ್ರಿಡ್ಜ್ ಚೀಟಿಯಲ್ಲಿ ಒಂದು ತೂಕ ಬೀಳುತ್ತದೆ. ಆಮೇಲೆ ಮಾದರಿ ತೆಗೆದು ತೇವಾಂಶ ನೋಡಿ, 50 ಕೆ.ಜಿ. ಮೂಟೆಗೆ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ತೆಗೆಯುತ್ತಾರೆ, ದರ ಕಟ್ಟುವುದು ಅದರ ಮೇಲೆ. ವೇಬ್ರಿಡ್ಜಿನ ತೂಕ ಒಂದು ಸಾಫ್ಟ್‌ವೇರಿನಲ್ಲಿ, ಔಟ್‌ಟರ್ನ್ ಮಾದರಿ ತೆಗೆಯುವವರ ಕೈಬರಹದ ಪುಸ್ತಕದಲ್ಲಿ, ಪಾವತಿ ಟ್ಯಾಲಿಯಲ್ಲಿ, ಬೆಳೆಗಾರರ ಜೊತೆ ಒಪ್ಪಿಕೊಂಡ ದರ ಮಾಲೀಕರ ವಾಟ್ಸಾಪಿನಲ್ಲಿ. ಈ ನಾಲ್ಕನ್ನೂ ಜೋಡಿಸುವ ಒಂದು ಸಂಖ್ಯೆ ಇರುವುದಿಲ್ಲ. ಚೀಟಿಯ ನಂಬರನ್ನೇ ಉಳಿದ ಮೂರು ಕಡೆಯಲ್ಲಿಯೂ ಬರೆದರೆ ಸಾಕು, ಅದಕ್ಕೊಂದು ಹೊಸ ಸಾಫ್ಟ್‌ವೇರ್ ಬೇಕಾಗಿಲ್ಲ.

ಹೆಸರಿನ ಗೊಂದಲ ಇದಕ್ಕಿಂತ ದೊಡ್ಡದು. ನಾನು ನೋಡಿದ ಒಂದು ಲೆಕ್ಕದಲ್ಲಿ ಒಬ್ಬರೇ ಬೆಳೆಗಾರರು ಮೂರು ಲೆಡ್ಜರುಗಳಲ್ಲಿದ್ದರು: ಇನಿಷಿಯಲ್ ಹೆಸರಿನ ಮುಂದಿರುವ ಒಂದು, ಹಿಂದಿರುವ ಇನ್ನೊಂದು, ಊರಿನ ಹೆಸರು ಸೇರಿಸಿದ ಮತ್ತೊಂದು. ಒಂದರಲ್ಲಿ ಅವರಿಗೆ ಕೊಟ್ಟ ಮುಂಗಡ ಬಾಕಿ, ಇನ್ನೊಂದರಲ್ಲಿ ಅವರಿಗೆ ಕೊಡಬೇಕಾದ ಹಣ. ವರ್ಷದ ಕೊನೆಯಲ್ಲಿ ವ್ಯಾಪಾರಿ ಸಾಲ ವಸೂಲಿಗೆ ಫೋನು ಮಾಡಿದರೆ, ಬೆಳೆಗಾರರು ತಮಗೇ ಹಣ ಬರಬೇಕೆಂದು ಜಗಳಕ್ಕೆ ನಿಂತರು. ತಮ್ಮ ತಮ್ಮ ಲೆಡ್ಜರಿನ ಪ್ರಕಾರ ಇಬ್ಬರೂ ಸರಿ. ಎಂಟ್ರಿ ಮಾಡುವವರು ಮೂರು ವರ್ಷದಲ್ಲಿ ಮೂರು ಜನ ಬದಲಾಗಿದ್ದರು, ಹೊಸ ಹೆಸರು ತೆರೆಯುವ ಮೊದಲು ಹಳೆಯದು ಇದೆಯೇ ಎಂದು ಹುಡುಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೊಸ ಲೆಡ್ಜರ್ ತೆರೆಯುವ ಅಧಿಕಾರ ಒಬ್ಬರ ಕೈಯಲ್ಲಿ ಮಾತ್ರ ಇರಬೇಕೆಂಬ ನಿಯಮ ಮಾಡಿದ್ದರೆ ಆ ಜಗಳವೇ ಹುಟ್ಟುತ್ತಿರಲಿಲ್ಲ.

ದಾಖಲೆಯ ಬಗೆಗಿನ ಈ ಉದಾಸೀನಕ್ಕೆ ಹಳೆಯದೊಂದು ಕಾರಣವೂ ಇರಬಹುದೆಂದು ನನಗೆ ತೋರುತ್ತದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ದಶಕಗಳ ಕಾಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರುವ ಸಂಗ್ರಹಕ್ಕೆ ಒಪ್ಪಿಸುತ್ತಿದ್ದರು. ಮಾರಾಟದ ಲೆಕ್ಕ ಮಂಡಳಿಯದು, ಹಣ ಕಂತುಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಮುಕ್ತ ಮಾರಾಟಕ್ಕೆ ಪೂರ್ಣ ಅವಕಾಶ ಸಿಕ್ಕಿ, ಪ್ರತಿ ತೋಟವೂ ತನ್ನ ಮಾರಾಟ ತಾನೇ ಮಾಡಿಕೊಳ್ಳುವ ವ್ಯಾಪಾರವಾಯಿತು. ದರ ಚೌಕಾಸಿ ಮಾಡುವುದನ್ನು ಎಲ್ಲರೂ ಬೇಗ ಕಲಿತರು. ದಾಖಲೆ ಇಡುವ ಕೆಲಸ ಮಾತ್ರ ತೋಟದ ರೈಟರ (ಗುಮಾಸ್ತರ) ಚೆಕ್‌ರೋಲಿನಲ್ಲಿಯೇ, ಅಂದರೆ ಆಳುಗಳ ಹಾಜರಿ ಪುಸ್ತಕದಲ್ಲಿಯೇ ಉಳಿಯಿತು. ಆ ಚೆಕ್‌ರೋಲ್ ಬಗ್ಗೆ ನನಗೆ ಗೌರವವಿದೆ, ಯಾವ ದಿನ ಯಾರು ಯಾವ ಪಟ್ಟೆಯಲ್ಲಿ ಕೆಲಸ ಮಾಡಿದರೆಂಬುದು ಅದರಲ್ಲಿ ತಪ್ಪುವುದಿಲ್ಲ. ಆದರೆ ಅದನ್ನು ಓದಬಲ್ಲವರು ಬರೆದವರೊಬ್ಬರೇ.

ದಾಖಲೆ ಕಾಯುವ ಮಾತಿಗೆ ಬಂದರೆ, ಜಿಎಸ್‌ಟಿ ಕಾಯ್ದೆಯಡಿ ಲೆಕ್ಕದ ಪುಸ್ತಕಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಕಂಪನಿ ಕಾಯ್ದೆಯಡಿ ಎಂಟು ಹಣಕಾಸು ವರ್ಷಗಳು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ಎಂಟ್ರಿಯನ್ನು ಯಾವಾಗ ತಿದ್ದಲಾಯಿತು ಎಂಬ ಎಡಿಟ್ ಲಾಗ್ ಇರಲೇಬೇಕು, ಅದನ್ನು ಆಫ್ ಮಾಡುವಂತಿಲ್ಲ. ಪಾಲುದಾರಿಕೆಯಲ್ಲಿಯೋ ಅವಿಭಕ್ತ ಕುಟುಂಬದ ಹೆಸರಿನಲ್ಲಿಯೋ ನಡೆಯುವ ತೋಟಕ್ಕೆ ಈ ಕೊನೆಯ ನಿಯಮ ಅನ್ವಯಿಸುವುದಿಲ್ಲ. ಆದರೂ ಅವರು ಅದನ್ನು ಬಳಸಲಿ ಎಂದೇ ನಾನು ಹೇಳುತ್ತೇನೆ, ಅಣ್ಣತಮ್ಮಂದಿರ ನಡುವೆ ಲೆಕ್ಕದ ಅನುಮಾನ ಹುಟ್ಟಿದಾಗ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಮಲೆನಾಡಿನಲ್ಲಿ ಇದರ ಜೊತೆಗೆ ಮಳೆಯೂ ಇದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಜೂನ್ ಕಳೆದ ಮೇಲೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಮಳೆ ಹಿಡಿಯುವ ಮೊದಲಿನ ಗುಡುಗಿನ ದಿನಗಳಲ್ಲಿ ಸಿಡಿಲಿಗೆ ಮೋಡೆಮ್ ಸುಟ್ಟು, ಅದರ ತಂತಿ ಹಿಡಿದು ಕಂಪ್ಯೂಟರೂ ಹೋಗುವುದುಂಟು. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಎಲ್ಲರೂ ಹೆಮ್ಮೆಯಿಂದ ಪೆನ್‌ಡ್ರೈವ್ ತೋರಿಸುತ್ತಾರೆ. ಅದು ಆ ಕಂಪ್ಯೂಟರಿಗೇ ಚುಚ್ಚಿಕೊಂಡಿರುತ್ತದೆ. ಒಂದು ಪ್ರತಿ ತೋಟದಲ್ಲಿ, ಇನ್ನೊಂದು ಪೇಟೆಯ ಮನೆಯಲ್ಲಿ, ಸಾಧ್ಯವಾದರೆ ಮತ್ತೊಂದು ಕ್ಲೌಡಿನಲ್ಲಿ ಇರಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು, ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೋಮ್‌ಸ್ಟೇಗಳ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ವಾರಾಂತ್ಯ ಬಂತೆಂದರೆ ಅತಿಥಿಗಳ ಆಧಾರ್ ಕಾರ್ಡಿನ ಫೋಟೋಗಳು ಬುಕಿಂಗ್ ನೋಡಿಕೊಳ್ಳುವ ಹುಡುಗನ ಸ್ವಂತ ಫೋನಿಗೆ ಬರುತ್ತವೆ, ಅಲ್ಲಿಂದ ಮ್ಯಾನೇಜರ್, ಅಡುಗೆಯವರು, ಜೀಪಿನ ಚಾಲಕರು ಇರುವ ವಾಟ್ಸಾಪ್ ಗುಂಪಿಗೆ ಹೋಗುತ್ತವೆ. ಹುಡುಗ ಪಕ್ಕದ ಹೋಮ್‌ಸ್ಟೇಗೆ ಸೇರಿಕೊಂಡರೆ ಆ ಫೋಟೋಗಳೂ ಅವನ ಜೊತೆಗೇ ಹೋಗುತ್ತವೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಯ ಕಾಯ್ದೆ 2023ರಲ್ಲಿಯೇ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಪಡೆದ ಮಾಹಿತಿಯ ಉದ್ದೇಶ ಮುಗಿದು, ಬೇರೆ ಯಾವ ಕಾನೂನೂ ಅದನ್ನು ಉಳಿಸಿಕೊಳ್ಳಲು ಹೇಳದಿದ್ದರೆ ಅಳಿಸಬೇಕೆಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಮಾಹಿತಿಗೆ ತಕ್ಕ ರಕ್ಷಣೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ನಾಲ್ಕು ಕೋಣೆಯ ಹೋಮ್‌ಸ್ಟೇಗೆ ಅಷ್ಟು ದಂಡ ಬೀಳುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಅತಿಥಿಗಳ ದಾಖಲೆ ಪಡೆಯಲು ಸಂಸ್ಥೆಯದೇ ಒಂದು ಫೋನು, ಒಂದು ನಂಬರು ಇಟ್ಟುಕೊಳ್ಳುವುದಕ್ಕೆ ಆಗುವ ಖರ್ಚು ಎಷ್ಟು?

ತೋಟದವರಿಗೆ ಹೊರದೇಶದಿಂದಲೂ ಒತ್ತಡ ಬರುತ್ತಿದೆ. ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಇಟಲಿ, ಜರ್ಮನಿಗಳು ದೊಡ್ಡ ಗಿರಾಕಿಗಳು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಎಂದು ತೋರಿಸಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮ ಹೇಳುತ್ತದೆ. ಅದಕ್ಕೆ ಕಾಫಿ ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಬೇಕು, 4 ಹೆಕ್ಟೇರಿಗಿಂತ ದೊಡ್ಡ ಜಾಗವಾದರೆ ಗಡಿಯ ಪೂರ್ತಿ ನಕ್ಷೆಯೇ ಬೇಕು. ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿರುವುದರಿಂದ "ಇನ್ನೂ ಟೈಮಿದೆ ಬಿಡಿ" ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಆದರೆ ನಕ್ಷೆ ಬರೆಯುವುದು ಒಂದು ದಿನದ ಕೆಲಸ. ಯಾವ ಮೂಟೆ ಯಾವ ತೋಟದ್ದು ಎಂಬುದನ್ನು ಖರೀದಿಯಿಂದ ಕ್ಯೂರಿಂಗ್ (ಸಿಪ್ಪೆ ಸುಲಿದು ಬೀಜ ಹಸನುಮಾಡುವ ಕೆಲಸ) ದಾಟಿ ಕಂಟೇನರಿನವರೆಗೆ ಬಿಡದೆ ಬರೆದಿಡುವುದು ಅಭ್ಯಾಸದಿಂದ ಬರಬೇಕಾದದ್ದು. ಚೀಟಿಯ ನಂಬರನ್ನೇ ನಾಲ್ಕು ಕಡೆ ಬರೆಯದ ವ್ಯಾಪಾರ ಅದನ್ನು ಹೇಗೆ ಮಾಡೀತು?

ಇದನ್ನೆಲ್ಲ ಹೇಳಿದಾಗ ನನಗೆ ಸಿಗುವ ಉತ್ತರ ಸಾಮಾನ್ಯವಾಗಿ ಹಣದ್ದಲ್ಲ, ನಂಬಿಕೆಯದು. "ನಮ್ಮ ರೈಟ್ರು ತಂದೆಯವರ ಕಾಲದಿಂದ ಇದಾರೆ, ಅವರ ಮೇಲೆ ಅನುಮಾನ ಪಟ್ಟ ಹಾಗಾಗುತ್ತೆ" ಎನ್ನುತ್ತಾರೆ. ನಾನು ಕಂಡಂತೆ, ಪಾಸ್‌ವರ್ಡು ಒಬ್ಬರ ಬಳಿಯೇ ಇದ್ದು ಲೆಕ್ಕದಲ್ಲಿ ಹಣ ಕಡಿಮೆಯಾದರೆ ಮೊದಲ ಅನುಮಾನ ಬೀಳುವುದು ಆ ನಂಬಿಗಸ್ತರ ಮೇಲೆಯೇ, ಆಗ ತಾನಲ್ಲ ಎಂದು ತೋರಿಸಲು ಅವರ ಬಳಿ ಏನೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡುವುದರಿಂದ ಮೊದಲು ರಕ್ಷಣೆ ಸಿಗುವುದು ಅವರಿಗೆ.

ಈ ಮಾರ್ಚ್ ಮುಗಿಯುವುದರೊಳಗೆ ನನ್ನ ಎಲ್ಲ ಗ್ರಾಹಕರಿಂದಲೂ ಒಂದು ಹಾಳೆ ಬರೆಸಲು ತೊಡಗಿದ್ದೇನೆ. ಯಾವ ಯಾವ ಖಾತೆಗಳಿವೆ, ಪ್ರತಿಯೊಂದಕ್ಕೂ ಯಾರ ಮೊಬೈಲ್ ನಂಬರು ಜೋಡಣೆಯಾಗಿದೆ, ನವೀಕರಣದ ದಿನಾಂಕ ಯಾವುದು, ಬ್ಯಾಕಪ್ ಎಲ್ಲಿದೆ, ಕೆಲಸ ಬಿಟ್ಟವರ ಲಾಗಿನ್ ಮುಚ್ಚಲಾಗಿದೆಯೇ ಎಂಬಷ್ಟೇ ಅದರಲ್ಲಿರುತ್ತದೆ. ಪಾಸ್‌ವರ್ಡುಗಳನ್ನೂ ಸೇರಿಸಿ ವಾಟ್ಸಾಪಿನಲ್ಲಿ ಕಳಿಸಲೇ ಎಂದು ಈಗಾಗಲೇ ಕೆಲವರು ಕೇಳಿದ್ದಾರೆ. ದಯವಿಟ್ಟು ಕಳಿಸಬೇಡಿ. ಅವು ನನಗೂ ಬೇಡ. ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಬೀರುವಿನೊಳಗೆ, ತೋಟದ ಕ್ರಯಪತ್ರ ಇರುವ ಕಡೆಯೇ ಇರಲಿ, ಮನೆಯಲ್ಲಿ ಇನ್ನೊಬ್ಬರಿಗೆ ಅದು ಅಲ್ಲಿದೆಯೆಂದು ತಿಳಿದಿರಲಿ.