ಹಾಡುವವನು ಹೋದ ಮೇಲೆ

"ಅಣ್ಣಾ, ಮುಂದಿನ ತಿಂಗಳಿಂದ ನಾನು ಬರೋಕಾಗಲ್ಲ."

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದಾಗ ನಮ್ಮ ಗಾಯಕ ಹೀಗಂದ. ಬೆಂಗಳೂರಿನ ದೊಡ್ಡ ತಂಡವೊಂದು ಕರೆದಿದೆಯಂತೆ. ಪೇಮೆಂಟ್ ಜಾಸ್ತಿ. ಇಡ್ಲಿ ತಿಂದು ಎದ್ದೆ, ರುಚಿ ಗೊತ್ತಾಗಲಿಲ್ಲ. ಒಂಬತ್ತು ವರ್ಷದಿಂದ ಜೊತೆಗಿದ್ದೆವು. ತುಮಕೂರಿನಲ್ಲಿ ನಮ್ಮದು ಆರು ಜನರ ಸಣ್ಣ ತಂಡ. ಭಾವಗೀತೆ, ವಚನ, ಜನಪದ ಹಾಡುತ್ತೇವೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಆರತಕ್ಷತೆ, ಕರೆದಲ್ಲಿಗೆಲ್ಲ ಹೋಗುತ್ತೇವೆ. ನಾನು ಕೀಬೋರ್ಡ್ ನುಡಿಸುತ್ತೇನೆ.

ಅವತ್ತು ರಾತ್ರಿ ಉಳಿದ ಐವರೂ ಸೇರಿದೆವು. ಎಲ್ಲರಿಗೂ ಸಿಟ್ಟು. ಅವನನ್ನು ಈಗಲೇ ವಾಟ್ಸಾಪ್ ಗ್ರೂಪಿನಿಂದ ತೆಗೆಯಿರಿ ಅಂತ ಒಬ್ಬರು ಅಂದರು. ನಾನು ಒಪ್ಪಲಿಲ್ಲ. ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ ರಾಜ್‌ಕುಮಾರ್, ನರಸಿಂಹರಾಜು ಆಮೇಲೆ ಸಿನಿಮಾಕ್ಕೆ ಹೋದರು. ಅದನ್ನು ನಮ್ಮ ಕಡೆಯವರು ಇವತ್ತಿಗೂ ಹೆಮ್ಮೆಯಿಂದಲೇ ಹೇಳುತ್ತಾರೆ, ಅಲ್ವಾ? ಹಾಗಿರುವಾಗ ನಮ್ಮ ಹುಡುಗ ನಾಲ್ಕು ಕಾಸು ಹೆಚ್ಚು ದುಡಿಯಲು ಹೊರಟರೆ ಅದು ದ್ರೋಹ ಹೇಗಾಗುತ್ತದೆ?

ಮೊದಲು ಲೆಕ್ಕ ಚುಕ್ತಾ ಮಾಡೋಣ ಅಂದೆ. ಮಿಕ್ಸರ್, ಸ್ಪೀಕರ್ ಕೊಳ್ಳುವಾಗ ಆರೂ ಜನ ಸಮನಾಗಿ ದುಡ್ಡು ಹಾಕಿದ್ದೆವು. ಅದರಲ್ಲಿ ಅವನ ಪಾಲಿದೆ. ಒಂದೇ ಸಲ ಕೊಡುವ ಶಕ್ತಿ ನಮಗಿಲ್ಲ, ಐದು ಕಂತು ಮಾಡಿಕೊಂಡೆವು. ಅಡ್ವಾನ್ಸ್ ಕೊಟ್ಟಿದ್ದ ಸಂಘಟಕರಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಒಬ್ಬರು ಬೇಡ ಅಂದರು. ಅವರ ದುಡ್ಡು ವಾಪಸ್ ಕೊಟ್ಟೆವು. ಉಳಿದವರು ಬನ್ನಿ ಅಂದರು.

ಆಮೇಲೆ ದೊಡ್ಡ ಪ್ರಶ್ನೆ. ತಂಡ ನಿಲ್ಲಿಸುವುದಾ, ನಡೆಸುವುದಾ? ನಮ್ಮ ಗಿಟಾರ್ ಹುಡುಗ 1980ರ ಕಥೆ ತೆಗೆದ. ಆ ವರ್ಷ ಲೆಡ್ ಜೆಪ್ಲಿನ್ ಅನ್ನುವ ಇಂಗ್ಲೆಂಡಿನ ರಾಕ್ ತಂಡದ ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡರು. ಅವರಿಲ್ಲದೆ ಮುಂದುವರಿಯಲ್ಲ ಅಂತ ಉಳಿದವರು ತಂಡವನ್ನೇ ನಿಲ್ಲಿಸಿದರು. ಅದೇ ವರ್ಷ ಎಸಿ ಡಿಸಿ ಅನ್ನುವ ಇನ್ನೊಂದು ರಾಕ್ ತಂಡದ ಗಾಯಕ ಬಾನ್ ಸ್ಕಾಟ್ ಕೂಡ ತೀರಿಕೊಂಡರು. ಆ ತಂಡದವರು ಕೆಲವೇ ತಿಂಗಳಲ್ಲಿ ಬ್ರಯಾನ್ ಜಾನ್ಸನ್ ಅನ್ನುವವರನ್ನು ಕರೆತಂದು ಹೊಸ ಆಲ್ಬಂ ತಂದರು. ಎರಡನ್ನೂ ತಪ್ಪು ಅನ್ನೋಕಾಗಲ್ಲ. ನಾವು ಐವರಿಗೂ ವಾರಕ್ಕೆರಡು ಸಂಜೆ ಒಟ್ಟಿಗೆ ಕೂರದೆ ಇರೋಕಾಗಲ್ಲ ಅನ್ನಿಸಿತು. ನಡೆಸೋಣ ಅಂದುಕೊಂಡೆವು.

ಇಲ್ಲೇ ನಾವು ಎಡವಿದ್ದು. ಅವನಂಥದ್ದೇ ದನಿಯ ಹುಡುಗನನ್ನು ಹುಡುಕಿ ತಂದೆವು. ಚೆನ್ನಾಗಿಯೇ ಹಾಡುತ್ತಿದ್ದ. ಆದರೆ ಪ್ರತಿ ಸಾಲು ಮುಗಿದಾಗಲೂ ನಮ್ಮ ಮುಖ ನೋಡುತ್ತಿದ್ದ. ನಾವೂ "ಅವನು ಇಲ್ಲಿ ಸ್ವಲ್ಪ ಎಳೀತಿದ್ದ" ಅಂತ ತಿದ್ದುತ್ತಿದ್ದೆವು. ಮೂರನೇ ರಿಹರ್ಸಲ್‌ಗೆ ಹೊಸ ಹುಡುಗ ಬರಲಿಲ್ಲ. ಆ ಹುಡುಗನಿಗೆ ನಾವು ಅನ್ಯಾಯ ಮಾಡಿದೆವು. ಹೋದವನ ಜಾಗಕ್ಕೆ ಅವನ ನಕಲನ್ನು ಹುಡುಕಬಾರದು. ನನ್ನ ಮಾತು ಇದೊಂದೇ.

ಈಗ ಹಾಡುತ್ತಿರುವುದು ಒಬ್ಬಳು ಹುಡುಗಿ. ಹಳೇ ಗಾಯಕನದು ಒಂದೂವರೆ ಮನೆ ಶ್ರುತಿ, ಇವಳದು ಐದು ಮನೆ, ಅಂದರೆ ಇನ್ನೂ ಎತ್ತರದ್ದು. ನನಗೇನು, ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಆರು ಸಲ ಒತ್ತಿದರೆ ಮುಗಿಯಿತು. ತಬಲಾದವರು ಬೇರೆ ತಬಲಾ ತರಬೇಕಾಯಿತು, ಕೊಳಲಿನವರು ಬೇರೆ ಕೊಳಲು. ಗಿಟಾರ್ ಹುಡುಗ ಶ್ರುತಿ ಏರಿಸಲು ಮೊದಲನೇ ಫ್ರೆಟ್ಟಿಗೆ ಹಾಕುತ್ತಿದ್ದ ಕ್ಯಾಪೋ ಅನ್ನುವ ಕ್ಲಿಪ್ ತೆಗೆದಿಟ್ಟು, ಬೆರಳುಗಳನ್ನು ಹೊಸದಾಗಿ ಕೂರಿಸಿಕೊಂಡ. ಎರಡು ತಿಂಗಳು ಹಿಡಿಯಿತು. ಹಳೇ ಹಾಡುಗಳೇ, ಆದರೆ ಒಂಬತ್ತು ವರ್ಷ ಕಣ್ಣು ಮುಚ್ಚಿ ನುಡಿಸಿದ್ದನ್ನು ಈಗ ಕಿವಿಗೊಟ್ಟು ಕೇಳಿ ನುಡಿಸುತ್ತಿದ್ದೇವೆ. ಮೂರು ಹಾಡುಗಳನ್ನು ಮಾತ್ರ ಪಟ್ಟಿಯಿಂದ ತೆಗೆದಿದ್ದೇವೆ. ಅವು ಅವನವು.

ಗ್ರೂಪಿನಲ್ಲಿ ಅವನು ಇನ್ನೂ ಇದ್ದಾನೆ. ಕೊನೇ ಕಂತು ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ಮೇಲೆ ಕೊಡುತ್ತೇವೆ ಅಂತ ಹಾಕಿದ್ದೆ. "ಅವತ್ತು ನಾನೂ ಬರ್ತೀನಣ್ಣ, ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದಿಡಿ" ಅಂತ ಬರೆದಿದ್ದಾನೆ.