ರೀ, ಸ್ವಲ್ಪ ನಿಲ್ಲಿಸಿ

ಗಂಡ ಹೆಂಡತಿ ಕಾರಲ್ಲಿ ದೂರ ಹೊರಟರೆ ಮೊದಲೆಲ್ಲ ದಾರಿ ತಪ್ಪಿ ಜಗಳ ಆಗುತ್ತಿತ್ತು. ಈಗ ದಾರಿ ತಪ್ಪಿಸುವುದೂ ಫೋನೇ, ಬೈಸಿಕೊಳ್ಳುವುದೂ ಫೋನೇ. ನಮ್ಮಿಬ್ಬರ ಪಾಲಿಗೆ ಉಳಿದಿರುವುದು ಒಂದೇ ಜಗಳ. ನಿಲ್ಲಿಸಬೇಕೋ, ಬೇಡವೋ.

ನಾನು ನಿಲ್ಲಿಸಿ ಅನ್ನುವ ಪಕ್ಷ. ಇವರು ಹೊತ್ತಾಗುತ್ತೆ ಅನ್ನುವ ಪಕ್ಷ. ಹೊರಟ ಕೂಡಲೇ ಫೋನು ಎಷ್ಟು ಗಂಟೆಗೆ ತಲುಪುತ್ತೀರಿ ಅಂತ ತೋರಿಸುತ್ತದಲ್ಲ, ಆ ಹೊತ್ತಿಗಿಂತ ಹತ್ತು ನಿಮಿಷ ಮೊದಲು ಹೋದರೆ ಇವರಿಗೆ ಏನೋ ಬಹುಮಾನ ಸಿಗುವ ಹಾಗೆ. ಯಾರು ಕೊಡುತ್ತಾರೋ ಗೊತ್ತಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಅಮೆರಿಕದಲ್ಲಿ ಆಲ್ಬುಕರ್ಕಿಯಿಂದ ಸೇಂಟ್ ಲೂಯಿಸ್‌ವರೆಗೆ ಕಾರಲ್ಲಿ ಹೋದೆವು. ಸಾವಿರ ಮೈಲಿಗಿಂತ ಜಾಸ್ತಿ. ಆ ಕಡೆ ಇವರ ಕಾಲೇಜು ಗೆಳೆಯ, ಈ ಕಡೆ ನನ್ನ ಹಾಸ್ಟೆಲ್ ಗೆಳತಿ. ವಿಮಾನದಲ್ಲಿ ಹೋಗಬಹುದಿತ್ತು, ಆದರೆ ಇವರಿಗೆ ರೂಟ್ 66 ಹುಚ್ಚು. 1926ರಲ್ಲಿ ಶುರುವಾದ ಹೆದ್ದಾರಿ ಅದು, ಷಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದವರೆಗೆ. 1985ರಲ್ಲಿ ಅದನ್ನು ಹೆದ್ದಾರಿಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಈಗ ಪಕ್ಕದಲ್ಲಿ ಇಂಟರ್‌ಸ್ಟೇಟ್ ಅನ್ನುವ ಹೊಸ ಹೆದ್ದಾರಿ ಓಡುತ್ತದೆ, ಹಳೇ ರಸ್ತೆ ತುಂಡು ತುಂಡಾಗಿ ಉಳಿದುಕೊಂಡಿದೆ. ಹಳೇ ರಸ್ತೆಯ ಹುಚ್ಚು ಇರುವ ಮನುಷ್ಯ ಅದರ ಪಕ್ಕದ ಹೊಸ ರಸ್ತೆಯಲ್ಲಿ ಗಂಟೆಗೆ 75 ಮೈಲಿ ಓಡಿಸಿಕೊಂಡು ಹೋಗುತ್ತಾರೆ ಅಂದರೆ ನೀವೇ ಯೋಚಿಸಿ.

ಮೊದಲು ಗೆಳೆಯನ ಮನೆ ವಿಷಯ ಹೇಳಿಬಿಡುತ್ತೇನೆ. ಸ್ನೇಹಿತರ ಮನೆಗೆ ಜೋಡಿಯಾಗಿ ಹೋದಾಗ ಇಬ್ಬರೂ ಅತಿಥಿಗಳು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸುಳ್ಳು. ಒಬ್ಬರು ಅತಿಥಿ, ಇನ್ನೊಬ್ಬರು ಅತಿಥಿಯ ಜೊತೆಗೆ ಬಂದವರು. ಆ ಎರಡು ದಿನ ಇವರಿಗೆ ಕಾಲೇಜಿನ ಅಡ್ಡಹೆಸರು ವಾಪಸ್ ಬಂತು, ನಗುವ ರೀತಿಯೇ ಬದಲಾಯಿತು. ನಾನು ಸೋಫಾದ ತುದಿಯಲ್ಲಿ ಕೂತು, ನಾನಿಲ್ಲದ ಕಾಲದ ಕಥೆಗಳಿಗೆ ತಲೆ ಆಡಿಸುತ್ತಿದ್ದೆ. ಕಥೆ ಮುಗಿಯಿತೋ ಇಲ್ಲವೋ ತಿಳಿಯದೆ ಒಂದೆರಡು ಸಲ ಬೇಗ ನಕ್ಕೂಬಿಟ್ಟೆ. ಗೆಳೆಯನ ಹೆಂಡತಿಯೂ ಇದೇ ಕಥೆಗಳನ್ನ ಎಷ್ಟನೇ ಸಲ ಕೇಳುತ್ತಿದ್ದರೋ ಪಾಪ, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ರಾತ್ರಿ ಮಲಗಲು ಗೆಸ್ಟ್ ರೂಮ್. ಯಾವ ದೇಶಕ್ಕೆ ಹೋದರೂ ಗೆಸ್ಟ್ ರೂಮಿನಲ್ಲಿ ಒಂದು ಎಕ್ಸರ್‌ಸೈಜ್ ಸೈಕಲ್, ಒಂದು ಇಸ್ತ್ರಿ ಟೇಬಲ್, ಕೆಲಸ ಮಾಡದ ಒಂದು ಪ್ರಿಂಟರ್ ಇರಲೇಬೇಕು. ರಾತ್ರಿ ಲೈಟ್ ಹಾಕದೆ ಎದ್ದರೆ ಮೊಣಕಾಲಿಗೆ ಸೈಕಲ್ ಪೆಡಲ್ಲು ಗ್ಯಾರಂಟಿ.

ಬೇಜಾರಾಯಿತು ಅಂತಲ್ಲ. ಇವರು ಅಷ್ಟು ನಕ್ಕಿದ್ದು ನೋಡಿ ಎಷ್ಟೋ ದಿನ ಆಗಿತ್ತು. ಆದರೆ ಎರಡು ರಾತ್ರಿಗಿಂತ ಜಾಸ್ತಿ ಯಾರ ಮನೆಯಲ್ಲೂ ಇರಬಾರದು. ಮೂರನೇ ದಿನ ಮನೆಯವರು ತಮ್ಮ ಟವೆಲ್ಲು ಎಲ್ಲಿ ಅಂತ ಹುಡುಕೋಕೆ ಶುರು ಮಾಡುತ್ತಾರೆ.

ಹೊರಟ ದಿನ ಮೊದಲ ಜಗಳ. ಟೆಕ್ಸಸ್‌ನಲ್ಲಿ ಏಡ್ರಿಯನ್ ಅಂತ ಪುಟ್ಟ ಊರು. ರೂಟ್ 66ರ ನಟ್ಟನಡುವಿನ ಊರು ಅದು. ಲಾಸ್ ಏಂಜಲಿಸ್‌ಗೆ 1,139 ಮೈಲಿ, ಷಿಕಾಗೋಗೂ 1,139 ಮೈಲಿ ಅಂತ ಬೋರ್ಡ್ ಹಾಕಿದ್ದಾರೆ. ಆ ಬೋರ್ಡ್ ಮುಂದೆ ನಿಂತು ಒಂದು ಫೋಟೋ ಅಂತ ನನ್ನ ಆಸೆ. ರೀ, ಸ್ವಲ್ಪ ನಿಲ್ಲಿಸಿ ಅನ್ನುವಷ್ಟರಲ್ಲಿ ಎಕ್ಸಿಟ್ ದಾಟಿ ಹೋಯಿತು. "ಬರೀ ಬೋರ್ಡ್ ತಾನೆ, ಫೋನಲ್ಲಿ ನೋಡೇ" ಅಂದರು. ಆಮೇಲೆ ಐವತ್ತು ಮೈಲಿ ನಮ್ಮಿಬ್ಬರ ನಡುವೆ ಮಾತಿಲ್ಲ. ಏಸಿ ಸದ್ದು ಮಾತ್ರ.

ಆ ಮೌನದಲ್ಲೇ ಅಮರಿಲೋ ಊರಿನ ಹೊರಗೆ ಬಂದೆವು. ಅಲ್ಲಿ ಹೊಲದ ನಡುವೆ ಹತ್ತು ಕ್ಯಾಡಿಲಾಕ್ ಕಾರುಗಳನ್ನ ಮೂತಿ ಕೆಳಗೆ ಮಾಡಿ ನೆಟ್ಟಿದ್ದಾರೆ, ಕಬ್ಬು ನೆಟ್ಟ ಹಾಗೆ ಸಾಲಾಗಿ. ಆಂಟ್ ಫಾರ್ಮ್ ಅನ್ನುವ ಕಲಾವಿದರ ಗುಂಪು 1974ರಲ್ಲಿ ಮಾಡಿದ್ದು. 1949ರಿಂದ 1963ರವರೆಗಿನ ಮಾಡೆಲ್‌ಗಳು, ಆ ಕಾಲದ ಕಾರಿನ ಹಿಂದಿನ ರೆಕ್ಕೆ ವರ್ಷವರ್ಷಕ್ಕೂ ಹೇಗೆ ಬದಲಾಯಿತು ಅಂತ ತೋರಿಸುವುದಕ್ಕೆ. ಊರು ಬೆಳೆದು ಹತ್ತಿರ ಬಂತು ಅಂತ 1997ರಲ್ಲಿ ಹತ್ತೂ ಕಾರನ್ನ ಕಿತ್ತು ಒಂದೆರಡು ಮೈಲಿ ಆಚೆ ಮತ್ತೆ ನೆಟ್ಟರು. ಟಿಕೆಟ್ ಇಲ್ಲ. ಯಾರು ಬೇಕಾದರೂ ಸ್ಪ್ರೇ ಪೇಂಟ್ ಹೊಡೆಯಬಹುದು. ಇದು ಮಾತ್ರ ರಸ್ತೆಯಿಂದಲೇ ಕಾಣುತ್ತದೆ, ಇವರಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ.

ಹತ್ತಿರ ಹೋದರೆ ಅದು ಕಾರಿನ ಹಾಗೇ ಇಲ್ಲ. ಬಣ್ಣದ ಮೇಲೆ ಬಣ್ಣ, ಅದರ ಮೇಲೆ ಬಣ್ಣ ಕೂತು ಅಂಚುಗಳೆಲ್ಲ ಊದಿಕೊಂಡಿವೆ, ಬಾಗಿಲು ಯಾವುದು ಕಿಟಕಿ ಯಾವುದು ತಿಳಿಯುವುದಿಲ್ಲ. ಒಂದು ಕಡೆ ಬಣ್ಣದ ಚಕ್ಕೆ ಎದ್ದಿತ್ತು. ಕೈಗೆ ತೆಗೆದುಕೊಂಡು ಅಂಚು ನೋಡಿದರೆ ಕೆಂಪು, ಹಸಿರು, ಬಿಳಿ, ನೇರಳೆ, ಮತ್ತೆ ಕೆಂಪು. ಎಳೆ ಎಳೆಯಾಗಿ ಎಷ್ಟು ಪದರ ಅಂತ ಎಣಿಸಲು ಆಗಲಿಲ್ಲ. ಪ್ರತಿ ಪದರವೂ ಯಾರೋ ಬರೆದ ಹೆಸರು. ನೆಲದ ಮೇಲೆ ಜನ ಬಿಟ್ಟುಹೋದ ಸ್ಪ್ರೇ ಡಬ್ಬಿಗಳು ಬಿದ್ದಿದ್ದವು. ಇವರು ಒಂದನ್ನ ಎತ್ತಿ ಅಲ್ಲಾಡಿಸಿದರು, ಒಳಗೆ ಗೋಲಿ ಸದ್ದು ಮಾಡಿತು. ನಮ್ಮಿಬ್ಬರ ಹೆಸರು ಕನ್ನಡದಲ್ಲಿ ಬರೆಯಲು ಹೋದರು. ಟೆಕ್ಸಸ್‌ನ ಗಾಳಿ, ಕೇಳಬೇಕಾ? ಅರ್ಧ ಬಣ್ಣ ಕಾರಿಗೆ, ಅರ್ಧ ಅಂಗಿಗೆ. ಒತ್ತಕ್ಷರ ಎಲ್ಲಾ ಹೊಟ್ಟೆ ಮೇಲೆ. ಐವತ್ತು ಮೈಲಿ ತಡೆದುಕೊಂಡಿದ್ದ ನಗು ಆಗ ಬಂತು. ಸಿಟ್ಟು ಯಾವಾಗ ಇಳಿಯಿತೋ ಗೊತ್ತೇ ಆಗಲಿಲ್ಲ.

ಇಂಥ ಜಾಗಗಳಲ್ಲಿ ತಮಾಷೆ ಏನು ಅಂದರೆ, ಏನನ್ನಿಸಬೇಕು ಅಂತ ನಮಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಸೇಂಟ್ ಲೂಯಿಸ್‌ನಲ್ಲಿ 630 ಅಡಿಯ ಆರ್ಚ್ ಇದೆ, ಚೆನ್ನಾಗಿಯೂ ಇದೆ, ನೋಡಿ ಬೆರಗಾಗಬೇಕು ಅಂತ ಹೋಗುವ ಮೊದಲೇ ಗೊತ್ತಿತ್ತು. ಬೆರಗಾದೆವು, ಬಂದೆವು. ಇವರು ಓದಿಕೊಂಡು ಬಂದು ವಿವರಿಸಿದರು, ನಾನು ಹೂಂ ಅಂದೆ. ಆದರೆ ತಲೆಕೆಳಗಾದ ಕಾರಿನ ಮುಂದೆ ಯಾರು ಏನು ವಿವರಿಸುತ್ತಾರೆ? ಇಬ್ಬರೂ ಒಂದೇ ಥರ ಪೆದ್ದರು. ಸ್ನೇಹಿತರ ಮನೆಯಲ್ಲಿ ಒಬ್ಬರಿಗೆ ಎಲ್ಲಾ ಗೊತ್ತು, ಇನ್ನೊಬ್ಬರು ಹೊರಗಿನವರು. ಇಲ್ಲಿ ಇಬ್ಬರೂ ಹೊರಗಿನವರೇ. ಅದಕ್ಕೇ ಒಂದು ಸ್ನೇಹಿತರ ಮನೆಗೂ ಇನ್ನೊಂದಕ್ಕೂ ನಡುವೆ ಇಂಥ ಒಂದೆರಡು ವಿಚಿತ್ರ ಇರಲೇಬೇಕು ಅನ್ನುವುದು ನನ್ನ ವಾದ.

ಅಲ್ಲಿಂದ ಮುಂದೆ ಗ್ರೂಮ್ ಅನ್ನುವ ಕಡೆ ಇನ್ನೇನು ಬೀಳುವ ಹಾಗೆ ವಾಲಿಕೊಂಡಿರುವ ನೀರಿನ ಟ್ಯಾಂಕ್. ಭೂಕಂಪ ಗೀಕಂಪ ಏನೂ ಅಲ್ಲ, ಬೇಕಂತಲೇ ವಾಲಿಸಿ ನಿಲ್ಲಿಸಿದ್ದು. ಅಯ್ಯೋ ಬೀಳುತ್ತೆ ಅಂತ ಲಾರಿಯವರು ಗಾಬರಿಯಾಗಿ ಇಳಿದರೆ ಪಕ್ಕದಲ್ಲೇ ಅದನ್ನ ನಿಲ್ಲಿಸಿದವನ ಟ್ರಕ್ ಸ್ಟಾಪ್ ಇರುತ್ತಿತ್ತು! ಆ ರಸ್ತೆಯ ವಿಚಿತ್ರಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆಯೇ. ಕಾರು ಜಾಸ್ತಿಯಾದವು, ಜನ ನಿಲ್ಲದೆ ಓಡತೊಡಗಿದರು, ಅಂಗಡಿಯವನಿಗೆ ಹೇಗಾದರೂ ನಿಲ್ಲಿಸಬೇಕು. 1956ರಲ್ಲಿ ಇಂಟರ್‌ಸ್ಟೇಟ್ ಕಾನೂನು ಬಂದು ಹೊಸ ರಸ್ತೆಗಳು ಊರುಗಳನ್ನ ಬಳಸಿಕೊಂಡು ಹೋದ ಮೇಲಂತೂ ಕೇಳುವುದೇ ಬೇಡ. ಅಂದರೆ ಅವರೆಲ್ಲ ನನ್ನ ಪಕ್ಷದವರು.

ನನಗೆ ತುಂಬಾ ಹಿಡಿಸಿದ್ದು ಒಕ್ಲಹಾಮದ ಕಟೂಸಾ ಊರಿನ ನೀಲಿ ತಿಮಿಂಗಿಲ. ಕೆರೆಯ ಅಂಚಿನಲ್ಲಿ 80 ಅಡಿ ಉದ್ದದ ಸಿಮೆಂಟಿನ ತಿಮಿಂಗಿಲ, ತಲೆಗೊಂದು ಟೋಪಿ, ಬಾಯಿ ತುಂಬ ನಗು. ಹ್ಯೂ ಡೇವಿಸ್ ಅನ್ನುವವರು 1970ರ ಆಸುಪಾಸಿನಲ್ಲಿ ಶುರು ಮಾಡಿ ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದು. ಯಾಕೆ ಗೊತ್ತಾ? ಅವರ ಹೆಂಡತಿ ಜೆಲ್ಟಾಗೆ ಪುಟ್ಟ ಪುಟ್ಟ ತಿಮಿಂಗಿಲದ ಬೊಂಬೆ ಕೂಡಿಡುವ ಹವ್ಯಾಸ ಇತ್ತು. ಮದುವೆ ವಾರ್ಷಿಕೋತ್ಸವಕ್ಕೆ ಗಂಡ ಕೊಟ್ಟ ಉಡುಗೊರೆ ಇದು. ಮೊದಲು ಮನೆಯವರು, ಸ್ನೇಹಿತರು ಈಜಲಿ ಅಂತಲೇ ಮಾಡಿದ್ದಂತೆ. ದಾರಿಹೋಕರೂ ಬರತೊಡಗಿದ ಮೇಲೆ ಎಲ್ಲರಿಗೂ ಬಿಟ್ಟರು. 1988ರಲ್ಲಿ ಮುಚ್ಚಿತು, ಹಾಳಾಗುತ್ತಾ ಹೋಯಿತು, ಆಮೇಲೆ ಊರಿನ ಜನ ಮತ್ತೆ ಬಣ್ಣ ಬಳಿದು ಸರಿ ಮಾಡಿದರು. ಈಜಲು ಈಗ ಬಿಡುವುದಿಲ್ಲ, ಒಳಗೆ ಹೋಗಬಹುದು.

ಬಾಯಿಯಿಂದ ಒಳಗೆ ನಡೆದು ಹೋದೆವು. ಪಕ್ಕದಲ್ಲಿ ದುಂಡು ಕಿಂಡಿಗಳು, ಅದರಿಂದ ಹಸಿರು ನೀರು ಕಾಣುತ್ತದೆ. ನಾನು ಸುಮ್ನೆ ನಿಂತಿದ್ದೆ. ಒಂದು ವಾರ್ಷಿಕೋತ್ಸವಕ್ಕೆ ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟ ಮಹಾನುಭಾವರು ಪಕ್ಕದಲ್ಲೇ ಇದ್ದರು. ಅವರಿಗೂ ಅದೇ ನೆನಪಾಗಿರಬೇಕು, ಗೋಡೆ ತಟ್ಟಿ ನೋಡಿ "ಒಳ್ಳೇ ಕೆಲಸ, ಒಳಗೆ ಕಬ್ಬಿಣದ ಪೈಪು ಕೊಟ್ಟಿದ್ದಾನೆ" ಅಂತ ಇಂಜಿನಿಯರಿಂಗ್ ಕಡೆಗೆ ಮಾತು ತಿರುಗಿಸಿದರು. ಐದು ನಿಮಿಷ ಅಂತ ಒಪ್ಪಿಸಿಕೊಂಡು ಇಳಿದಿದ್ದೆ. ಫೋನು ತೆಗೆದು ನೋಡಿದರೆ ಮುಕ್ಕಾಲು ಗಂಟೆ. ಹೊತ್ತಾಯಿತು ಅಂತ ಇವರು ಒಂದು ಸಲವೂ ಹೇಳಲಿಲ್ಲ.

ಎಲ್ಲವೂ ಇಷ್ಟು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ. ಮಿಸೌರಿಯ ಫ್ಯಾನಿಂಗ್‌ನಲ್ಲಿ 42 ಅಡಿ ಎತ್ತರದ ತೂಗು ಕುರ್ಚಿ ಇದೆ. 2008ರಲ್ಲಿ ಜಗತ್ತಿನಲ್ಲೇ ದೊಡ್ಡದು ಅಂತ ದಾಖಲೆ. ಆಮೇಲೆ ಇಲಿನಾಯ್ ರಾಜ್ಯದ ಕೇಸಿ ಅನ್ನುವ ಊರಿನವರು ಇನ್ನೂ ದೊಡ್ಡದು ಮಾಡಿ ದಾಖಲೆ ಕಿತ್ತುಕೊಂಡರು. ಫ್ಯಾನಿಂಗ್‌ನವರು ಕುರ್ಚಿಗೆ ಕೆಂಪು ಬಣ್ಣ ಹೊಡೆದು ಹೆಸರು ಬದಲಾಯಿಸಿ ಸಮಾಧಾನ ಮಾಡಿಕೊಂಡರು. ತೂಗು ಕುರ್ಚಿ, ಆದರೆ ತೂಗುವುದಿಲ್ಲ. ಹೋದೆವು, ಫೋಟೋ ತೆಗೆದೆವು, ಬಂದೆವು.

ಸೇಂಟ್ ಲೂಯಿಸ್‌ನಲ್ಲಿ ನನ್ನ ಸರದಿ. ಬಾಗಿಲು ತೆಗೆದ ಗೆಳತಿ ನನ್ನ ಹಾಸ್ಟೆಲ್ ಹೆಸರು ಕೂಗಿದಳು, ಅಷ್ಟೇ, ಇಬ್ಬರು ಗಂಡಂದಿರೂ ಸೋಫಾದ ತುದಿಗೆ ಹೋದರು. ರಾತ್ರಿ ಎರಡು ಗಂಟೆವರೆಗೆ ನಮ್ಮದೇ ಮಾತು. ಅವಳ ಗಂಡ ಬಹಳ ಮೌನಿ. ಎರಡು ದಿನದಲ್ಲಿ ಅವರ ಬಾಯಿಂದ ಬಂದದ್ದು "ಬನ್ನಿ", "ಇನ್ನೊಂದು ಸ್ವಲ್ಪ ಹಾಕ್ಲಾ", "ವೈಫೈ ಪಾಸ್‌ವರ್ಡ್ ಫ್ರಿಜ್ ಮೇಲಿದೆ", ಇಷ್ಟೇ. ಇವರು ಅವರ ಜೊತೆ ಕಾರಿನ ಮೈಲೇಜಿನಿಂದ ಹಿಡಿದು ಮಳೆವರೆಗೆ ಎಲ್ಲಾ ಪ್ರಯತ್ನ ಮಾಡಿ ಕೈಚೆಲ್ಲಿದರು.

ಮೂರನೇ ದಿನ ಬೆಳಿಗ್ಗೆ ಹೊರಡುವ ಮುಂಚೆ ನಾನೇ ಅಂದೆ, ನದಿ ಆಚೆ ಕಾಲಿನ್ಸ್‌ವಿಲ್‌ನಲ್ಲಿ ಟೊಮೆಟೊ ಕೆಚಪ್ ಬಾಟಲಿ ಆಕಾರದ ನೀರಿನ ಟ್ಯಾಂಕ್ ಇದೆಯಂತೆ, 1949ರದ್ದು, 170 ಅಡಿ ಎತ್ತರ. ಕೆಡವುತ್ತಾರೇನೋ ಅನ್ನುವ ಹೊತ್ತಿಗೆ ಊರಿನವರೇ ದುಡ್ಡು ಕೂಡಿಸಿ 1995ರಲ್ಲಿ ಹೊಸದಾಗಿ ಬಣ್ಣ ಬಳಿಸಿದ್ದಾರೆ, ಹೋಗೋಣ್ವಾ? ಗೆಳತಿಗೆ ನಗು ತಡೆಯಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಹದಿನಾರು ವರ್ಷದಿಂದ ಇದ್ದಾಳೆ, ಅರ್ಧ ಗಂಟೆ ದಾರಿ, ಒಂದು ದಿನವೂ ನೋಡಿಲ್ಲ. ನಾಲ್ವರೂ ಹೊರಟೆವು.

ಕಂಬಗಳ ಮೇಲೆ ಆಕಾಶಕ್ಕೆ ನಿಂತ ಬಾಟಲಿ. ಲೇಬಲ್ಲು, ಕುತ್ತಿಗೆ, ಮುಚ್ಚಳ ಎಲ್ಲಾ ಇದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಗೆಳತಿಯ ಗಂಡ ಕತ್ತು ಹಿಂದಕ್ಕೆ ಬಗ್ಗಿಸಿ ನೋಡುತ್ತಾ ನಮ್ಮವರನ್ನ ಕೇಳಿದರು.

"ಆ ಮುಚ್ಚಳ ತಿರುಗಿಸಿದ್ರೆ ಬರುತ್ತೆ ಅಂತೀರಾ?"

"ಎಡಕ್ಕೆ ತಿರುಗಿಸ್ಬೇಕು" ಅಂದರು ಇವರು.

"ಮೇಲೆ ಹತ್ತೋಕೆ ಏಣಿ ಇದೆ ನೋಡಿ ಆ ಕಡೆ."

ಅಷ್ಟೇ, ಇಬ್ಬರೂ ಬೇಲಿ ಸುತ್ತ ಹೊರಟರು, ಏಣಿ ಎಲ್ಲಿಂದ ಶುರುವಾಗುತ್ತದೆ, ಒಳಗೆ ಎಷ್ಟು ಲೀಟರ್ ಹಿಡಿಸಬಹುದು ಅಂತ ಲೆಕ್ಕ ಹಾಕುತ್ತಾ. ನಾವು ಗೆಳತಿಯರಿಬ್ಬರು ಕಾರಲ್ಲಿ ಹೋಗಿ ಕೂತೆವು. ಕಾದೆವು. ಮುಂದಿನ ಊರಿಗೆ ಸಂಜೆಯೊಳಗೆ ತಲುಪಬೇಕಿತ್ತು, ನಾನೇ ಹಾರ್ನ್ ಹೊಡೆದೆ. ಇವರು ತಿರುಗಿಯೂ ನೋಡಲಿಲ್ಲ, ಕೈ ಮಾತ್ರ ಮೇಲೆತ್ತಿ ಐದೂ ಬೆರಳು ತೋರಿಸಿದರು. ಐದು ನಿಮಿಷ ಅಂತೆ.